ಖಾಲಿ ಬಲೆ ಮತ್ತು ಬೋನಾಳದ ಕೆರೆ

ಹಿಂದೆ ನಿಂತಿರೋರು ಮುಂದೆ ಬರ್ರಿ, ಕುರ್ಚಿ ಖಾಲಿ ಅದಾವ.

ಲೂಕನ ಸುವಾರ್ತೆ 5ನೇ ಅಧ್ಯಾಯ ತೆಗೆದು ಬೆರಳಿಟ್ಟುಕೊಳ್ಳಿ. ಈಗಲೇ ಓದೋದು ಬ್ಯಾಡ. ಮೊದಲು ಒಂದು ಮೀನಿನ ಕಥೆ, ಆಮೇಲೆ ಒಬ್ಬ ಮನುಷ್ಯನ ಜೀವನ, ಆಮೇಲೆ ವಾಕ್ಯಕ್ಕೆ ಬರೋಣ.

ನಮ್ಮ ಯೂತ್‌ನಲ್ಲಿ ನಾಲ್ಕು ಹುಡುಗರು ಶನಿವಾರ ಬಂತಂದ್ರೆ ಬೈಕ್ ಹತ್ತಿ ಊರ ಹೊರಗಿನ ಹಿನ್ನೀರಿಗೆ ಹೋಗ್ತಾರೆ. ದೋಣಿ ಬಾಡಿಗೆಗೆ ಹಿಡಿದು ಗಾಳ ಹಾಕ್ತಾರೆ. ಹೊಟ್ಟೆಪಾಡಿಗಲ್ಲ, ಶೋಕಿಗೆ. ಅದರಲ್ಲಿ ತಪ್ಪೇನಿಲ್ಲ, ವಾರವೆಲ್ಲಾ ಲ್ಯಾಪ್‌ಟಾಪ್ ನೋಡಿದ ಕಣ್ಣಿಗೆ ನೀರು ನೋಡಿದರೆ ತಂಪು. ಅದರಲ್ಲಿ ಒಬ್ಬ ತಮ್ಮನಿಗೆ, ಹೆಸರು ಹೇಳೋದಿಲ್ಲ, ಒಂಬತ್ತು ಶನಿವಾರ ಒಂದು ಮೀನೂ ಬೀಳಲಿಲ್ಲ. ಒಂಬತ್ತು! ಉಳಿದ ಮೂವರಿಗೆ ಮೊದಮೊದಲು ಬೀಳ್ತಿತ್ತು, ಆಮೇಲಾಮೇಲೆ ಅವರಿಗೂ ಕಡಿಮೆ ಆಯ್ತು. ಆಗ ಶುರುವಾಯ್ತು ನೋಡ್ರಿ ತಮಾಷೆ. ಇವನ ನಸೀಬು ನಮಗೂ ಅಂಟ್ಯದ, ಮುಂದಿನ ವಾರ ಇವನನ್ನ ದಡದ ಮೇಲೆ ಬಿಟ್ಟು ಹೋಗೋಣ ಅಂತ. ಬಿಟ್ಟೇ ಹೋದರು. ಅವತ್ತು ಅವರಿಗೆ ಮೂರು ಮೀನು ಬಿದ್ದವು. ಫೋಟೋ ಗ್ರೂಪಿಗೆ ಹಾಕಿದರು. ಎಲ್ಲರೂ ನಕ್ಕರು. ನಾನೂ ಒಂದು ನಗುವ ಇಮೋಜಿ ಹಾಕಿದೆ, ಕರ್ತನು ಕ್ಷಮಿಸಲಿ.

ಆ ತಮ್ಮನ ಕೆಲಸ ಹೋಗಿ ಆಗಲೇ ಐದು ತಿಂಗಳಾಗಿತ್ತು ಅಂತ ನನಗೆ ಗೊತ್ತಿರಲಿಲ್ಲ.

ಹೋದ ತಿಂಗಳು ರಿಟ್ರೀಟ್‌ಗೆ ಅಂತ ಯಾದಗಿರಿ ಜಿಲ್ಲೆಗೆ ಹೋಗಿದ್ವಲ್ಲ, ಎರಡನೇ ದಿನ ಸಂಜೆ ಬೋನಾಳ ಕೆರೆ ನೋಡಲಿಕ್ಕೆ ಹೋದ್ವಿ. ಸುರಪುರದಿಂದ ಸುಮಾರು 10 ಕಿಲೋಮೀಟರ್. ಬಂದವರಿಗೆ ನೆನಪಿರಬೇಕು. ಸುತ್ತ ಬಂಡೆ, ಕರಿ ಮಣ್ಣು, ಒಣ ಗಾಳಿ, ನಡುವೆ ನೂರಾರು ಎಕರೆ ನೀರು. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಬಾತುಗಳು ಅಲ್ಲಿಗೆ ಬರ್ತಾವ. ಉಳಿದವರೆಲ್ಲ ಸೆಲ್ಫಿ ತೆಗೆಯೋವಾಗ ಈ ತಮ್ಮ ಏರಿ ಮೇಲೆ ನನ್ನ ಪಕ್ಕ ಬಂದು ನಿಂತ. ಪಾಸ್ಟರ್, ಕೆಲವರ ಹಣೆಬರಹವೇ ಹಂಗ ಇರ್ತದಾ, ದೇವರು ಕೆಲವರನ್ನ ದೋಣಿಗೆ ಹತ್ತಿಸಿಕೊಳ್ಳೋದೇ ಇಲ್ವಾ ಅಂತ ಕೇಳಿದ.

ನಾನು ವಾಕ್ಯ ಹೇಳಲಿಲ್ಲ. ಆ ನೀರನ್ನ ತೋರಿಸಿ, ಅದನ್ನ ದುರಸ್ತಿ ಮಾಡಿಸಿದ ಮನುಷ್ಯನ ಕಥೆ ಹೇಳಿದೆ. ಅದನ್ನೇ ಇವತ್ತು ನಿಮಗೂ ಹೇಳ್ತೀನಿ.

ಆ ಕೆರೆ ಕಟ್ಟಿಸಿದವರು ಸುರಪುರದ ನಾಯಕ ಅರಸರು, 17ನೇ ಶತಮಾನದಲ್ಲಿ. ಸುಮಾರು 200 ವರ್ಷ ಆದಮೇಲೆ ಅದನ್ನ ಸುಧಾರಿಸಿದವರು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಅಂತ ನೋಡಿದಿರಲ್ಲ, ಅವರದೇ ಬಂಗಲೆ. ಅವರು ನಮ್ಮ ಹಾಗೆ ಪೆಂತೆಕೊಸ್ತ ವಿಶ್ವಾಸಿ ಅಲ್ಲ, ಮಿಷನರಿನೂ ಅಲ್ಲ. ಆಳಲಿಕ್ಕೆ ಬಂದ ಬ್ರಿಟಿಷ್ ಅಧಿಕಾರಿ. ಅವರನ್ನ ಸಂತ ಮಾಡಲಿಕ್ಕೆ ನಾನು ನಿಂತಿಲ್ಲ. ಆದರೆ ನಸೀಬು ಅನ್ನೋ ಮಾತು ಬಂದಾಗ ನನಗೆ ಮೊದಲು ನೆನಪಾಗೋದು ಅವರೇ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲ್‌ನಲ್ಲಿ. ತಂದೆ ವ್ಯಾಪಾರಿ, ವ್ಯಾಪಾರ ಮುಳುಗಿತು. 15 ವರ್ಷದ ಹುಡುಗನನ್ನ 1824ರಲ್ಲಿ ಬೊಂಬಾಯಿಗೆ ಹಡಗು ಹತ್ತಿಸಿದರು. ಅಲ್ಲಿ ಒಬ್ಬ ದೊಡ್ಡ ವರ್ತಕನ ಹತ್ತಿರ ಕೆಲಸ, ಮುಂದೆ ಪಾಲುದಾರಿಕೆ ಅಂತ ಆಸೆ ತೋರಿಸಿದ್ದರು. ಇಳಿದು ನೋಡಿದರೆ ಆ ವರ್ತಕನ ವ್ಯವಹಾರವೇ ಕುಸಿಯೋ ಸ್ಥಿತಿಯಲ್ಲಿತ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಆಫರ್ ಲೆಟರ್ ಹಿಡಿದುಕೊಂಡು ಬೆಂಗಳೂರಿಗೆ ಬಂದು ಇಳಿದ ದಿನವೇ ಕಂಪನಿಗೆ ಬೀಗ. ವಾಪಸ್ ಹೋಗೋಣ ಅಂದರೆ ತಿಂಗಳುಗಟ್ಟಲೆ ಸಮುದ್ರ. ಒಬ್ಬ ಸಂಬಂಧಿಕರು ಕೈಹಿಡಿದು ಅದೇ ವರ್ಷ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಹುದ್ದೆ ಕೊಡಿಸಿದರು. ಆಗ ಅವನಿಗೆ 16.

ಹುಡುಗ ಒಂದು ಒಳ್ಳೆ ಕೆಲಸ ಮಾಡಿದ. ಅನುವಾದಕರ ಮೇಲೆ ಭಾರ ಹಾಕದೆ ಈ ದೇಶದ ಭಾಷೆ ಕಲಿಯಲಿಕ್ಕೆ ಕೂತ. ಹಿಂದೂಸ್ತಾನಿ, ಪಾರಸಿ, ಮರಾಠಿ. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗ್ತದ.

20ರ ಆಸುಪಾಸಿಗೆ ಪೊಲೀಸ್ ಕೆಲಸ ಸಿಕ್ಕಿತು. ದಾರಿಹೋಕರು ಕಾಣೆಯಾಗ್ತಾ ಇದ್ದರು, ಹೆಣಗಳು ಸಿಗ್ತಾ ಇದ್ದವು. ಟೇಲರ್ ಒಂದೊಂದೇ ಎಳೆ ಹಿಡಿದು ಹೋಗ್ತಿದ್ದರು. ಇನ್ನೇನು ಹಿಡಿಯಬೇಕು ಅನ್ನುವಾಗ ರೆಜಿಮೆಂಟಿಗೆ ವಾಪಸ್ ಬಾ ಅಂತ ಆಜ್ಞೆ ಬಂತು. ಹೋಗಬೇಕಾಯ್ತು. ಆ ಕೊಲೆಗಳ ಹಿಂದೆ ಇದ್ದದ್ದು ಠಗ್ಗರು. ಅವರನ್ನು ಬಯಲಿಗೆಳೆದ ಕೀರ್ತಿ ಸ್ಲೀಮನ್ ಅನ್ನುವ ಇನ್ನೊಬ್ಬ ಅಧಿಕಾರಿಗೆ ಹೋಯ್ತು. ದೊಡ್ಡ ಮೀನು ದೋಣಿಯ ಅಂಚಿಗೆ ಬಂದು ಗಾಳ ಬಿಡಿಸಿಕೊಂಡು ಹೋದ ಹಾಗೆ. ಆಮೇಲೆ ಸಿಕ್ಕಿಬಿದ್ದ ಠಗ್ಗರ ಹೇಳಿಕೆಗಳನ್ನ ಕೂತು ಕೇಳಿಸಿಕೊಂಡರು, ಅದರಿಂದ ಒಂದು ಕಾದಂಬರಿ ಬರೆದರು. ಅದು 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಹೆಸರು ತಂತು, ವಿಕ್ಟೋರಿಯಾ ರಾಣಿಯವರೆಗೂ ಹೋಯ್ತು. ಹೆಸರು ಬಂದರೂ ಹುದ್ದೆಯ ತೊಡಕು ಹೋಗಲಿಲ್ಲ. ಅವರು ನಿಜಾಮರ ಸೇವೆಯವರು, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಅಲ್ಲ. ಎಷ್ಟು ದುಡಿದರೂ ಹೊರಗಿನವರು.

1840ರ ದಶಕದ ಆರಂಭಕ್ಕೆ ಸುರಪುರಕ್ಕೆ ಬಂದರು. ಅರಸರು ತೀರಿಕೊಂಡಿದ್ದರು, ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕವನು, ರಾಣಿ ಈಶ್ವರಮ್ಮನವರದು ಗಟ್ಟಿ ಕೈ, ಸಂಸ್ಥಾನದ ಮೇಲೆ ಸಾಲ. ಟೇಲರ್ 1853ರವರೆಗೆ ಅಲ್ಲೇ ಇದ್ದರು. ಲೆಕ್ಕ ಸರಿಮಾಡಿದರು, ಕೆರೆ ನೋಡಿಕೊಂಡರು, ರಾಜನಕೋಳೂರಿನ ಹಳೆಯ ಕಲ್ಲುಗೋರಿಗಳನ್ನ ಅಭ್ಯಾಸ ಮಾಡಿದರು, ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಕಳಿಸಿದರು. ಮನೆಯೊಳಗಿನ ಸುದ್ದಿ ಬೇರೆ. ಎಳೆಯ ಮಕ್ಕಳನ್ನ ಮಣ್ಣಿಗೆ ಕೊಟ್ಟರು. ಹೆಂಡತಿ ಮೇರಿಯೂ ಅದೇ ವರ್ಷಗಳಲ್ಲಿ ತೀರಿಕೊಂಡರು. ಉಳಿದ ಇಬ್ಬರು ಹೆಣ್ಣುಮಕ್ಕಳು ಸಮುದ್ರದಾಚೆ ಬೆಳೆದರು. ಮೇಲಿಂದ ಮೇಲೆ ಕಾಡುಜ್ವರ. ಸಂಜೆ ಆ ಗುಡ್ಡದ ಮೇಲಿನ ಬಂಗಲೆಯಲ್ಲಿ ಒಬ್ಬರೇ. ಇದನ್ನ ಹೇಳುವಾಗ ಆ ತಮ್ಮ ಏರಿ ಕಲ್ಲಿನ ಮೇಲೆ ಕೂತುಬಿಟ್ಟ.

ಈಗ ಜಾತಕದ ಮಾತು. ನಿಮ್ಮಲ್ಲಿ ಎಷ್ಟೋ ಜನ ವಿಶ್ವಾಸಕ್ಕೆ ಬಂದಮೇಲೂ ಫೋನಿನಲ್ಲಿ ರಾಶಿಫಲ ನೋಡ್ತೀರಿ, ನನಗೆ ಗೊತ್ತು. ಬಾಲರಾಜನ ಜಾತಕದಲ್ಲಿ 24ನೇ ವಯಸ್ಸಿಗೆ ಸಾವು ಅಂತ ಬರೆದಿತ್ತು. ರಾಣಿಗೂ ಪುರೋಹಿತರಿಗೂ ಗೊತ್ತಿದ್ದ ಗುಟ್ಟು ಅದು. ಅದನ್ನ ಟೇಲರ್‌ಗೂ ಹೇಳಿದರು. ಮುದುಕರಾದ ಮೇಲೆ ಬರೆದ ಆತ್ಮಕಥೆಯಲ್ಲಿ ಅದನ್ನ ಬರೆದಿದ್ದಾರೆ ಅಂದರೆ ಆ ಮಾತು ಎಷ್ಟು ವರ್ಷ ಎದೆಯಲ್ಲಿ ಕೂತಿತ್ತು ನೋಡಿ. ಹುಡುಗ ಟೇಲರ್‌ನ ಅಪ್ಪಾ ಅಂತ ಕರೀತಿದ್ದ. ಮಕ್ಕಳನ್ನ ಕಳಕೊಂಡವರಿಗೆ ಆ ಕರೆ ಹೇಗೆ ಕೇಳಿಸಿರಬೇಕು?

1853ರಲ್ಲಿ ಹುಡುಗನ ಕೈಗೆ ರಾಜ್ಯ ಕೊಟ್ಟು ಟೇಲರ್ ನಳದುರ್ಗಕ್ಕೆ ಹೋದರು. 1857ರಲ್ಲಿ ದೇಶವೆಲ್ಲಾ ಹೊತ್ತಿ ಉರಿಯುವಾಗ ಅವರು ವರ್‍ಹಾಡ ಸೀಮೆಯಲ್ಲಿದ್ದರು. 1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ನಮ್ಮ ಕಡೆ ಜನ ರಾಜಾ ವೆಂಕಟಪ್ಪ ನಾಯಕರನ್ನ ಸ್ವಾತಂತ್ರ್ಯ ವೀರ ಅಂತ ಗೌರವಿಸ್ತಾರೆ, ನಾನೂ ಗೌರವಿಸ್ತೀನಿ. ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕರು. ಟೇಲರ್ ಸೆರೆಮನೆಗೆ ಹೋಗಿ ತನ್ನನ್ನ ಅಪ್ಪಾ ಅಂದವನನ್ನ ನೋಡಿದರು. ಮರಣದಂಡನೆ ಇಳಿದು ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆವಾಸ ಆಯ್ತು. ಬಿಡುಗಡೆ ಕಣ್ಣಿಗೆ ಕಾಣುವಷ್ಟು ಹತ್ತಿರ! ಆದರೆ ಸೆರೆಗೆ ಕರೆದೊಯ್ಯುವ ದಾರಿಯಲ್ಲೇ ರಾಜ ಗುಂಡು ತಗುಲಿ ಸತ್ತರು. ತಾವೇ ಹಾರಿಸಿಕೊಂಡರು ಅಂತ ಟೇಲರ್ ಬರೆದರು. ಅದನ್ನ ಒಪ್ಪದವರು ಸುರಪುರದಲ್ಲಿ ಇವತ್ತಿಗೂ ಇದ್ದಾರೆ. ವಯಸ್ಸು 24ರ ಹತ್ತಿರ.

ನೋಡಿದ್ರಾ, ಜಾತಕ ನಿಜವಾಯ್ತು ಅಂತ ಯಾರೋ ಮನಸ್ಸಿನಲ್ಲಿ ಅಂದುಕೊಂಡಿರಿ. ಈ ತಮ್ಮನೂ ಅದನ್ನೇ ಅಂದ. ನಾನು ಹೇಳಿದೆ, ಕಾಗದ ಯಾರನ್ನೂ ಕೊಲ್ಲಲಿಲ್ಲ ಮಾರಾಯ. ಅಲ್ಲಿ ಯುದ್ಧ ಇತ್ತು, ಕೋರ್ಟು ಇತ್ತು, ಪಿಸ್ತೂಲು ಇತ್ತು. ಆದರೆ ಚಿಕ್ಕ ಹುಡುಗನ ಸುತ್ತಲಿನ ದೊಡ್ಡವರ ಕಣ್ಣಲ್ಲಿ ಅವನು ಬೆಳೆಯೋ ಮೊದಲೇ ಸತ್ತವನಾಗಿದ್ದ. ನೀನು ನತದೃಷ್ಟ ಅಂತ ಒಬ್ಬನ ಬಗ್ಗೆ ತೀರ್ಮಾನ ಮಾಡಿಬಿಡೋದು ಎಷ್ಟು ಭಯಂಕರ ಕೆಲಸ ಅಂತ ನನಗೆ ಅಲ್ಲಿ ನಿಂತಾಗಲೇ ತಟ್ಟಿತು. ನನ್ನ ಇಮೋಜಿ ನೆನಪಾಯ್ತು.

ಟೇಲರ್ ಮತ್ತೆ ಸುರಪುರಕ್ಕೇ ಬಂದರು, ಮಗನಂಥವನು ಇಲ್ಲದ ಊರಿಗೆ. 1860ರಲ್ಲಿ ಸಂಸ್ಥಾನವನ್ನ ನಿಜಾಮರಿಗೆ ಒಪ್ಪಿಸಿಬಿಟ್ಟರು. ಅದೇ ವರ್ಷ ಆರೋಗ್ಯ ಪೂರ್ತಿ ಕೆಟ್ಟು ಭಾರತ ಬಿಟ್ಟರು. ಮುಗಿದ ಮನುಷ್ಯ ಅಂತ ಯಾರಾದರೂ ಅಂದಿರಬೇಕು. ಐರ್ಲೆಂಡಿನಲ್ಲಿ ಸ್ವಲ್ಪ ಚೇತರಿಸಿಕೊಂಡು ಮತ್ತೆ ಲೇಖನಿ ಹಿಡಿದರು. 1863ರಲ್ಲಿ ತಾರಾ, 1865ರಲ್ಲಿ ರಾಲ್ಫ್ ಡಾರ್ನೆಲ್, 1870ರಲ್ಲಿ ವಿದ್ಯಾರ್ಥಿಗಳಿಗೆ ಭಾರತದ ಇತಿಹಾಸ, 1872ರಲ್ಲಿ ಸೀತಾ. ಕೊನೆಗೆ ಕಣ್ಣೂ ಹೋಯ್ತು. 1876ರ ಮೇ 13ರಂದು, ಭಾರತವನ್ನ ಇನ್ನೊಮ್ಮೆ ನೋಡಿಕೊಂಡು ವಾಪಸ್ ಹೋಗುವ ದಾರಿಯಲ್ಲಿ, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು. ಆತ್ಮಕಥೆ ಅಚ್ಚಾಗಿ ಬಂದದ್ದು ಮರುವರ್ಷ, ಮಗಳ ಕೈಯಿಂದ.

ಈಗ ಬೆರಳಿಟ್ಟ ಪುಟ ತೆರೆಯಿರಿ. ಪೇತ್ರನು ರಾತ್ರಿಯೆಲ್ಲಾ ದುಡಿದು ಏನೂ ಸಿಗದೆ ಬಲೆ ತೊಳೀತಾ ಇದ್ದಾನೆ. ಶೋಕಿಗೆ ಬಂದವನಲ್ಲ, ಕಸುಬುದಾರ. ಆ ಸರೋವರದ ಮೂಲೆಮೂಲೆ ಗೊತ್ತಿದ್ದವನು. ಅವನಿಗೆ ಹಗಲು ಹೊತ್ತಿನಲ್ಲಿ ಆಳಕ್ಕೆ ಹೋಗು ಅಂತ ಹೇಳೋದು ಯಾರು? ನಜರೇತಿನ ಬಡಗಿ. ಪೇತ್ರನು ಒಂದು ಮಾತು ಗೊಣಗಿದ, ಆದರೆ ಹೋದ. ನಾನು ಭಾಷೆ ಕಲಿತದ್ದನ್ನ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಇದಕ್ಕೇ. ದಣಿದವನಿಗೆ ದೊಡ್ಡ ಕಷ್ಟ ಇನ್ನೊಮ್ಮೆ ದೋಣಿ ನೂಕೋದಲ್ಲ. ಇನ್ನೊಬ್ಬರ ಮಾತು ಕೇಳೋದು.

ಇನ್ನೊಂದು ಸಂಗತಿ ನಾವು ಓದಿ ದಾಟಿಬಿಡ್ತೀವಿ. ಬಲೆ ಹರಿಯುವಷ್ಟು ಮೀನು ಬಂದಾಗ ಪೇತ್ರನು ಒಬ್ಬನೇ ಎಳೆಯಲಿಲ್ಲ. ಇನ್ನೊಂದು ದೋಣಿಯ ಪಾಲುಗಾರರಿಗೆ ಸನ್ನೆ ಮಾಡಿ ಕರೆದ, ಎರಡೂ ದೋಣಿ ತುಂಬಿದವು. ಯೋನನ ಪುಸ್ತಕದಲ್ಲಿ ನೋಡಿ, ಬಿರುಗಾಳಿಗೆ ಯೋನನೇ ಕಾರಣ ಅಂತ ಚೀಟಿ ಹಾಕಿ ಗೊತ್ತಾಗಿತ್ತು. ಆದರೂ ದೇವರನ್ನ ಅರಿಯದ ಆ ನಾವಿಕರು ಅವನನ್ನ ಸಮುದ್ರಕ್ಕೆ ಹಾಕೋ ಮೊದಲು ದಡ ಮುಟ್ಟಲಿಕ್ಕೆ ಜೀವ ಬಿಟ್ಟು ಹುಟ್ಟು ಹಾಕಿದರು. ನಾವು ಮೂರು ಮೀನಿಗೋಸ್ಕರ ತಮ್ಮನನ್ನ ದಡದಲ್ಲಿ ಬಿಟ್ಟು ಬಂದ್ವಿ.

ಬೋನಾಳದಿಂದ ಬಂದಮೇಲೆ ಆ ಮೂವರನ್ನ ಕೂರಿಸಿ ಮಾತಾಡಿದೆ. ಬೈಯಲಿಲ್ಲ, ನಾನೂ ನಕ್ಕವನೇ. ಹೋದ ಶನಿವಾರ ನಾಲ್ವರೂ ಹೋದರು. ದೋಣಿ ಕೊಡೋ ಅಜ್ಜ ದಿನಾ ಅಲ್ಲೇ ಕೂತಿರ್ತಾರೆ, ಅವರನ್ನ ಇಷ್ಟು ದಿನ ಬಾಡಿಗೆ ಬಿಟ್ಟು ಬೇರೇನೂ ಯಾರೂ ಕೇಳಿರಲಿಲ್ಲ. ಈ ತಮ್ಮ ಗಾಳ ಕೈಗೆ ಕೊಟ್ಟು ಕೇಳಿದ. ಅಜ್ಜ ನೋಡಿ ನಕ್ಕರಂತೆ. ಆನ್‌ಲೈನ್‌ನಲ್ಲಿ ತರಿಸಿದ ಗಾಳ ಅಲ್ಲಿನ ಮೀನಿನ ಬಾಯಿಗಿಂತ ದೊಡ್ಡದು, ಬಿಸಿಲೇರಿದ ಮೇಲೆ ನಡುನೀರಿಗೆ ಹೋಗಿ ಹಾಕ್ತೀರಿ ಅಂದರಂತೆ. ಚಿಕ್ಕ ಗಾಳ ಕೊಟ್ಟು, ಎರೆಹುಳ ಸಿಕ್ಕಿಸಿ, ಸಂಜೆ ಜೊಂಡಿನ ಅಂಚಿಗೆ ದೋಣಿ ನಿಲ್ಲಿಸಿ ಅಂತ ಜಾಗ ತೋರಿಸಿದರು.

ಆರು ಮುಕ್ಕಾಲಿಗೆ ಗ್ರೂಪಿನಲ್ಲಿ ಫೋಟೋ ಬಂತು. ಒಂದು ಜಿಲೇಬಿ ಮೀನು, ಅಂಗೈಯಗಲ ಇತ್ತೋ ಇಲ್ಲವೋ. ಫೋಟೋದಲ್ಲಿ ನಾಲ್ವರೂ ಒಂದೇ ದೋಣಿಯಲ್ಲಿದ್ದರು. ಆ ಫೋಟೋಗೆ ನಾನು ಇಮೋಜಿ ಹಾಕಲಿಲ್ಲ, ಫೋನ್ ಮಾಡಿದೆ.

ಕೆಲಸ ಇನ್ನೂ ಸಿಕ್ಕಿಲ್ಲ. ಮಂಗಳವಾರ ಹನ್ನೊಂದು ಗಂಟೆಗೆ ಇಂಟರ್‌ವ್ಯೂ ಅದ. ಎದ್ದು ನಿಲ್ರಿ ಎಲ್ಲರೂ, ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅವನಿಗೋಸ್ಕರ ಪ್ರಾರ್ಥಿಸೋಣ.