ಹತಾಶೆಯ ಇರುಳು ದಾಟಿದ ಸಂತ ಫ್ರಾನ್ಸಿಸ್ ದೆ ಸಾಲ್

ಸೌಮ್ಯತೆಗೆ ಹೆಸರಾದ ಸಂತ ಫ್ರಾನ್ಸಿಸ್ ದೆ ಸಾಲ್‌ರವರು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ತಾವು ನರಕಕ್ಕೇ ಗುರಿಯಾದವರೆಂದು ಹೆದರಿ ನರಳಿದ್ದರೆಂಬುದು ಅನೇಕರಿಗೆ ತಿಳಿಯದು.

ಅವರು ಹುಟ್ಟಿದ್ದು 1567ರ ಆಗಸ್ಟ್ 21ರಂದು, ಸವಾಯ್ ಸಂಸ್ಥಾನದ ಕುಲೀನ ಮನೆತನವೊಂದರಲ್ಲಿ. ತಂದೆ ಅವರನ್ನು ಪ್ಯಾರಿಸ್‌ನಲ್ಲಿದ್ದ ಯೇಸುಸಭೆಯವರ ಕಾಲೇಜಿಗೆ ಕಳುಹಿಸಿದರು. ಆಗ ಪಂಡಿತರಲ್ಲಿ ಒಂದು ದೊಡ್ಡ ವಾದ ನಡೆದಿತ್ತು. ಯಾರು ರಕ್ಷಣೆ ಹೊಂದುವರು, ಯಾರು ಹೊಂದರು ಎಂಬುದನ್ನು ದೇವರು ಮೊದಲೇ ಗೊತ್ತುಮಾಡಿರುವರೇ? ಈ ಪ್ರಶ್ನೆ ಫ್ರಾನ್ಸಿಸರ ಎದೆಗೆ ನಾಟಿತು. 1586ರ ಡಿಸೆಂಬರ್‌ನಿಂದ ಸುಮಾರು ಆರು ವಾರ ಅವರಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ದೇಹ ಸೊರಗಿತು.

ಆದರೂ ಅವರು ಪ್ರಾರ್ಥನೆ ಬಿಡಲಿಲ್ಲ. 1587ರ ಜನವರಿಯಲ್ಲಿ ಒಂದು ದಿನ ಸಂತ ಸ್ತೆಫಾನರ ಹೆಸರಿನ ದೇವಾಲಯದಲ್ಲಿ ಮರಿಯಮ್ಮನವರ ಸ್ವರೂಪದ ಮುಂದೆ ಮೊಣಕಾಲೂರಿದರು. ಮುಂದಿನ ಲೋಕದಲ್ಲಿ ತಮ್ಮ ಗತಿ ಏನೇ ಆಗಲಿ, ಬದುಕಿರುವಷ್ಟು ದಿನವಾದರೂ ದೇವರನ್ನು ಪ್ರೀತಿಸುವೆನೆಂದು ತಮ್ಮನ್ನು ಒಪ್ಪಿಸಿಕೊಟ್ಟರು. ಅಲ್ಲಿದ್ದ ಹಲಗೆಯ ಮೇಲಿನ ಮೆಮೊರಾರೆ ಎಂಬ ಮಾತೆಯ ಪ್ರಾರ್ಥನೆಯನ್ನು ಜಪಿಸಿದರು. ಎದೆಯ ಭಾರ ಇಳಿಯಿತು.

ಇಲ್ಲೊಂದು ಸೂಕ್ಷ್ಮವಿದೆ. ಮನಸ್ಸಿಗೆ ಕತ್ತಲು ಕವಿಯುವುದು ಪಾಪವಲ್ಲ. ದೇವರು ಇನ್ನು ನನ್ನನ್ನು ಕ್ಷಮಿಸಲಾರರು, ರಕ್ಷಿಸಲಾರರು ಎಂದು ನಾವೇ ತೀರ್ಪು ಕೊಟ್ಟುಕೊಂಡು, ಅವರಿಗೆ ಬೆನ್ನು ತಿರುಗಿಸುವುದನ್ನೇ ಧರ್ಮಸಭೆ ಹತಾಶೆಯ ಪಾಪವೆನ್ನುತ್ತದೆ. ಫ್ರಾನ್ಸಿಸರಿಗೆ ಆ ದಿನ ತಮ್ಮ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ತೀರ್ಪನ್ನು ದೇವರಿಗೇ ಬಿಟ್ಟು, ಪ್ರೀತಿಸುವ ಕೆಲಸವನ್ನು ತಾವು ಉಳಿಸಿಕೊಂಡರು. ಭರವಸೆ ಎಂದರೆ ಇದೇ.

1593ರಲ್ಲಿ ಗುರುದೀಕ್ಷೆ, 1602ರಲ್ಲಿ ಜಿನೀವಾದ ಧರ್ಮಾಧ್ಯಕ್ಷ ಪದವಿ. ತಾವು ನರಳಿದ್ದರಿಂದಲೇ ಇರಬೇಕು, ನೊಂದವರನ್ನು ಅವರು ಗದರಿಸುತ್ತಿರಲಿಲ್ಲ. ತಪ್ಪು ಮಾಡಿದಾಗ ತನ್ನ ಮೇಲೆಯೇ ಸಿಡುಕದೆ, ತಾಳ್ಮೆಯಿಂದ ಎದ್ದು ಮತ್ತೆ ನಡೆಯಬೇಕೆಂದು ಕಲಿಸಿದರು. ಗೃಹಸ್ಥರೂ ಸಂತರಾಗಬಲ್ಲರೆಂದು ತೋರಿಸಲು 1609ರಲ್ಲಿ ಭಕ್ತಿಜೀವನದ ಬಗ್ಗೆ ಪುಸ್ತಕ ಪ್ರಕಟಿಸಿದರು. 1622ರ ಡಿಸೆಂಬರ್ 28ರಂದು ಲಿಯೋನ್‌ನಲ್ಲಿ ನಿಧನರಾದರು. 1665ರಲ್ಲಿ ಸಂತ ಪದವಿಗೇರಿದರು.

ಪ್ರಿಯ ಓದುಗರೇ, ಸಾಲದಿಂದಲೋ ಕಾಯಿಲೆಯಿಂದಲೋ ಪರೀಕ್ಷೆಯ ಸೋಲಿನಿಂದಲೋ ಕುಸಿದವರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರಿಗೆ ವಿಶ್ವಾಸ ಸಾಲದೆಂದು ಜರಿಯಬೇಡಿ. ಪಕ್ಕದಲ್ಲಿ ಕುಳಿತು ಕೇಳಿ. ಬೇಕಾದರೆ ವೈದ್ಯರ ಬಳಿ ಕರೆದೊಯ್ಯಿರಿ. ಅವರಿಂದ ಪ್ರಾರ್ಥಿಸಲಾಗದ ದಿನ, ಅವರ ಪರವಾಗಿ ನೀವು ಪ್ರಾರ್ಥಿಸಿ.