ಆಂದ್ರೇಸ್ ಬೆಯ್ಯೊ ಎಂಬ ವ್ಯಾಕರಣಕಾರನ ಜೀವಿತ

ವ್ಯಾಕರಣವೆಂದರೆ ಶಾಲೆಯ ಬಾಲಕಿಯರಲ್ಲಿ ಅನೇಕರಿಗೆ ಬೇಸರದ ಪಾಠ. ಒಂದೇ ಕ್ರಿಯಾಪದವನ್ನು ಹಿಡಿದು, ಅದರ ರೂಪಗಳನ್ನು ಕಾಲ, ಪುರುಷ, ವಚನಗಳ ಕ್ರಮದಲ್ಲಿ ಬಾಯಿಪಾಠಮಾಡಿ ಒಪ್ಪಿಸುವಾಗ, ಇದರಿಂದ ಆಗುವ ಪ್ರಯೋಜನವೇನೆಂಬ ಪ್ರಶ್ನೆಯು ಮನಸ್ಸಿನಲ್ಲಿ ಏಳದೆ ಇರದು. ಈ ಪ್ರಶ್ನೆಗೆ ತನ್ನ ಇಡೀ ಬಾಳಿನಿಂದಲೇ ಉತ್ತರಕೊಟ್ಟವನು ದಕ್ಷಿಣ ಅಮೇರಿಕಾ ಖಂಡದ ಆಂದ್ರೇಸ್ ಬೆಯ್ಯೊ. ಈತನು ಕವಿ, ನ್ಯಾಯಶಾಸ್ತ್ರಜ್ಞ, ವಿಶ್ವವಿದ್ಯಾನಿಲಯದ ಅಧ್ಯಕ್ಷ. ಇಷ್ಟಾದರೂ ಸ್ಪ್ಯಾನಿಷ್ ಭಾಷೆಯ ಕ್ರಿಯಾಪದದಲ್ಲಿ ಅಡಗಿದ್ದ ಕ್ರಮವನ್ನು ಕಂಡುಹಿಡಿದವನೆಂಬ ಕೀರ್ತಿಯು ಆತನ ಉಳಿದ ಕೀರ್ತಿಗಳಿಗೆ ಕಡಮೆಯಾದುದಲ್ಲ.

ಬೆಯ್ಯೊವು ೧೭೮೧ನೆಯ ಇಸವಿ ನವೆಂಬರ್ ೨೯ರಂದು ವೆನಿಜುವೆಲಾ ದೇಶದ ಕರಾಕಸ್ ನಗರದಲ್ಲಿ ಜನಿಸಿದನು. ಆ ಕಾಲದಲ್ಲಿ ಆ ಸೀಮೆಯೆಲ್ಲ ಸ್ಪೇನ್ ದೇಶದ ಅರಸನ ಆಳಿಕೆಗೆ ಒಳಪಟ್ಟಿದ್ದಿತು. ತಂದೆಯು ವಕೀಲನು, ಸಂಗೀತದಲ್ಲಿಯೂ ಪರಿಶ್ರಮವುಳ್ಳವನು. ಎಂಟು ಮಂದಿ ಮಕ್ಕಳಲ್ಲಿ ಆಂದ್ರೇಸನೇ ಹಿರಿಯನು. ಮನೆಯ ಸಮೀಪದಲ್ಲಿ ಕ್ರೈಸ್ತ ಸಂನ್ಯಾಸಿಗಳ ಮಠವೊಂದಿದ್ದಿತು. ಆ ಮಠದ ಕ್ರಿಸ್ತೋಬಾಲ್ ದೆ ಕೆಸಾದ ಎಂಬ ಪಾದ್ರಿಯು ಬಾಲಕನಿಗೆ ಲ್ಯಾಟಿನ್ ಭಾಷೆಯನ್ನು ಕಲಿಸಿದನು. ಗುರುವು ೧೭೯೬ರಲ್ಲಿ ತೀರಿಕೊಂಡನು. ಆದರೆ ಆತನು ಹತ್ತಿಸಿದ ಭಾಷಾಭಿರುಚಿಯು ಶಿಷ್ಯನನ್ನು ಕಡೆಯತನಕ ಬಿಡಲಿಲ್ಲ. ೧೮೦೦ರಲ್ಲಿ ಬೆಯ್ಯೊವು ಪದವಿಯನ್ನು ಪಡೆದನು. ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳನ್ನು ಸ್ವಪ್ರಯತ್ನದಿಂದಲೇ ಕಲಿತನು. ಮುಂದೆ ದಕ್ಷಿಣ ಅಮೇರಿಕಾದ ವಿಮೋಚಕನೆಂದು ಪ್ರಖ್ಯಾತನಾದ ಸಿಮೋನ್ ಬೊಲೀವಾರನು ಆಗ್ಗೆ ಹುಡುಗನು; ಅವನಿಗಿಂತ ಕೇವಲ ಎರಡು ವರ್ಷ ದೊಡ್ಡವನಾಗಿದ್ದ ಬೆಯ್ಯೊವು ಕೆಲವು ಕಾಲ ಅವನಿಗೆ ಪಾಠಹೇಳಿದನು.

೧೮೦೨ರಲ್ಲಿ ಬೆಯ್ಯೊವು ಸರಕಾರದ ಕಚೇರಿಯಲ್ಲಿ ಉದ್ಯೋಗಕ್ಕೆ ಸೇರಿದನು. ಸಿಡುಬಿಗೆ ದೇವಿ ಹಾಕುವ ಕಾರ್ಯವು ಆ ದೇಶದಲ್ಲಿ ಆರಂಭವಾದಾಗ ಅದರ ಮಂಡಲಿಗೆ ಕಾರ್ಯದರ್ಶಿಯಾಗಿ ದುಡಿದನು. ೧೮೦೮ರಲ್ಲಿ ಕರಾಕಸ್ಸಿನ ಮೊದಲ ವೃತ್ತಪತ್ರಿಕೆಗೆ ಸಂಪಾದಕನಾದನು. ಹಗಲೆಲ್ಲ ಕಚೇರಿಯ ಕಾಗದಗಳು; ಬಿಡುವು ದೊರೆತಾಗ ಕ್ರಿಯಾಪದದ ವಿಚಾರ. ಮೂವತ್ತು ವಯಸ್ಸು ತುಂಬುವುದಕ್ಕೆ ಮೊದಲೇ ಸ್ಪ್ಯಾನಿಷ್ ಕ್ರಿಯಾಪದದ ಕಾಲಗಳನ್ನು ಕುರಿತು ಒಂದು ಪ್ರಬಂಧವನ್ನು ಬರೆದಿಟ್ಟನು. ಅದನ್ನು ಕೂಡಲೇ ಅಚ್ಚುಹಾಕಿಸಲಿಲ್ಲ. ಅದು ಬೆಳಕು ಕಂಡುದು ಸುಮಾರು ಮೂವತ್ತು ವರ್ಷಗಳ ಮೇಲೆ, ಸಾವಿರಾರು ಮೈಲಿಗಳಾಚೆಯ ಬೇರೊಂದು ದೇಶದಲ್ಲಿ.

೧೮೧೦ರ ಏಪ್ರಿಲ್ ತಿಂಗಳಿನಲ್ಲಿ ಕರಾಕಸ್ಸಿನ ಪ್ರಮುಖರು ಸ್ಪೇನಿನ ಅಧಿಕಾರಿಯನ್ನು ಪದಚ್ಯುತಗೊಳಿಸಿ ಸ್ವಂತ ಸರಕಾರವನ್ನು ಸ್ಥಾಪಿಸಿದರು. ಇಂಗ್ಲೆಂಡಿನ ಸಹಾಯವನ್ನು ಕೋರುವುದಕ್ಕಾಗಿ ಬೊಲೀವಾರನನ್ನೂ ಲೋಪೆಸ್ ಮೆಂದೆಸ್ ಎಂಬವನನ್ನೂ ಲಂಡನಿಗೆ ಕಳುಹಿಸಿದಾಗ, ಬೆಯ್ಯೊವು ಅವರ ಕಾರ್ಯದರ್ಶಿಯಾಗಿ ಹಡಗನ್ನೇರಿದನು. ಕೆಲವು ತಿಂಗಳುಗಳಲ್ಲಿ ಹಿಂದಿರುಗುವೆನೆಂದೇ ಆತನು ಎಣಿಸಿದ್ದಿರಬೇಕು. ಹೆತ್ತ ತಾಯಿಯನ್ನಾಗಲಿ ಹುಟ್ಟಿದ ಊರನ್ನಾಗಲಿ ಆತನು ಮತ್ತೆ ಕಾಣಲೇ ಇಲ್ಲ.

ಲಂಡನಿನಲ್ಲಿ ಆತನು ಕಳೆದುದು ಹತ್ತೊಂಬತ್ತು ವರ್ಷಗಳು. ೧೮೧೨ರ ಮಾರ್ಚ್ ತಿಂಗಳ ಪವಿತ್ರ ಗುರುವಾರದಂದು ಘೋರವಾದ ಭೂಕಂಪವು ಕರಾಕಸ್ಸನ್ನು ನೆಲಸಮಮಾಡಿತು. ಅದೇ ವರ್ಷ ಹೊಸ ಸರಕಾರವೂ ಉರುಳಿಬಿದ್ದಿತು. ದೂರದೇಶದಲ್ಲಿದ್ದ ಕಾರ್ಯದರ್ಶಿಗೆ ಸಂಬಳವು ನಿಂತುಹೋಯಿತು. ಬೆಯ್ಯೊವು ಸಿರಿವಂತರ ಮಕ್ಕಳಿಗೆ ಪಾಠಹೇಳಿದನು. ತತ್ತ್ವಜ್ಞಾನಿಯಾದ ಬೆಂಥಮನ ಓದಲಸಾಧ್ಯವಾದ ಹಸ್ತಪ್ರತಿಗಳನ್ನು ಬಿಡಿಸಿ ನಕಲುಮಾಡಿದನು. ಬೈಬಲ್ ಸೊಸೈಟಿಯವರಿಗಾಗಿ ಸ್ಪ್ಯಾನಿಷ್ ಬೈಬಲಿನ ಪರಿಷ್ಕರಣದ ಕೆಲಸವನ್ನು ಮಾಡಿದನು. ೧೮೧೪ರಲ್ಲಿ ಮೇರಿ ಆ್ಯನ್ ಬಾಯ್ಲಂಡ್ ಎಂಬ ಕನ್ಯೆಯನ್ನು ವಿವಾಹವಾದನು. ೧೮೨೧ರಲ್ಲಿ ಎಳೆಯ ಮಗನೊಬ್ಬನನ್ನೂ ಈ ಪತ್ನಿಯನ್ನೂ ಒಂದೇ ವರ್ಷದಲ್ಲಿ ಕಳೆದುಕೊಂಡನು. ತಾಯಿಯಿಲ್ಲದ ಇಬ್ಬರು ಗಂಡುಮಕ್ಕಳೂ ಬಡತನವೂ ಉಳಿದುವು. ಮೂರು ವರ್ಷಗಳ ಮೇಲೆ ಎಲಿಜಬೆತ್ ಡನ್ ಎಂಬಾಕೆಯನ್ನು ಮದುವೆಯಾದನು. ಈ ಕಷ್ಟಗಳ ನಡುವೆಯೂ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಶಾಲೆಯಲ್ಲಿ ಕುಳಿತು ಪ್ರಾಚೀನ ಸ್ಪ್ಯಾನಿಷ್ ಕಾವ್ಯಗಳನ್ನು ಪರಿಶೋಧಿಸುವುದನ್ನು ಆತನು ಬಿಡಲಿಲ್ಲ.

ಕಡೆಗೆ ಚಿಲಿ ದೇಶದ ಸರಕಾರವು ಆತನನ್ನು ಕರೆಯಿತು. ೧೮೨೯ರ ಫೆಬ್ರವರಿಯಲ್ಲಿ ಕುಟುಂಬದೊಡನೆ ಹೊರಟು, ನಾಲ್ಕು ತಿಂಗಳಿಗೂ ಮಿಕ್ಕ ಸಮುದ್ರಯಾನದ ಮೇಲೆ ಜೂನ್ ತಿಂಗಳಲ್ಲಿ ವಾಲ್ಪರೈಸೊ ಬಂದರನ್ನು ಸೇರಿದನು. ಆಗ ಆತನಿಗೆ ನಾಲ್ವತ್ತೇಳು ವಯಸ್ಸು. ಅನೇಕರು ವಿಶ್ರಾಂತಿಯನ್ನು ಬಯಸುವ ಪ್ರಾಯದಲ್ಲಿ ಆತನ ಮುಖ್ಯ ಕಾರ್ಯವು ಮೊದಲಾಯಿತು.

ಚಿಲಿಯ ರಾಜಧಾನಿಯಾದ ಸಾಂತಿಯಾಗೊ ನಗರದಲ್ಲಿ ಜನರ ಮಾತನ್ನು ಕೇಳಿದಾಗ ಬೆಯ್ಯೊವಿನ ಮನಸ್ಸಿನಲ್ಲಿ ಒಂದು ಭಯವು ಹುಟ್ಟಿತು. ಪೂರ್ವದಲ್ಲಿ ರೋಮ್ ಸಾಮ್ರಾಜ್ಯವು ಒಡೆದುಹೋದ ಮೇಲೆ ಲ್ಯಾಟಿನ್ ಭಾಷೆಯು ಸೀಮೆಸೀಮೆಗೂ ಬೇರೆಯಾಗಿ, ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್ ಎಂದು ಕವಲೊಡೆಯಿತು. ಸ್ಪೇನಿನ ಆಳಿಕೆಯಿಂದ ಆಗತಾನೆ ಬಿಡುಗಡೆ ಹೊಂದಿದ ಹೊಸ ರಾಷ್ಟ್ರಗಳಿಗೂ ಅದೇ ಗತಿಯಾದರೆ, ಕರಾಕಸ್ಸಿನಲ್ಲಿ ಬರೆದ ಕಾಗದವನ್ನು ಸಾಂತಿಯಾಗೊವಿನವರು ಓದಲಾರರು, ಒಂದು ದೇಶದ ಕಾನೂನು ಮತ್ತೊಂದು ದೇಶದವರಿಗೆ ತಿಳಿಯದು, ನೆರೆಹೊರೆಯವರು ಅನ್ಯರಾಗುವರು. ದೇಶಗಳು ಬೇರೆಯಾದರೂ ಮಾತು ಒಂದಾಗಿ ಉಳಿಯಬೇಕೆಂಬುದೇ ಆತನ ಆಕಾಂಕ್ಷೆ. ಅದಕ್ಕಾಗಿ ೧೮೩೩ ಮತ್ತು ೧೮೩೪ರಲ್ಲಿ ತಾನು ನಡೆಸುತ್ತಿದ್ದ ಪತ್ರಿಕೆಯಲ್ಲಿ ಭಾಷೆಯ ಬಳಕೆಯನ್ನು ಕುರಿತ ಸೂಚನೆಗಳನ್ನು ಪ್ರಕಟಿಸಿದನು. ಅವುಗಳನ್ನು ಆತನು ಪಂಡಿತರಿಗೆ ಬರೆಯಲಿಲ್ಲ. ಮಕ್ಕಳ ತಂದೆಗಳಿಗೂ ಉಪಾಧ್ಯಾಯರಿಗೂ ಬರೆದನು. ಭಾಷೆಯು ಉಳಿಯುವುದೂ ಕೆಡುವುದೂ ಮನೆಯಲ್ಲಿಯೂ ಶಾಲೆಯಲ್ಲಿಯೇ ಹೊರತು ಪಂಡಿತರ ಸಭೆಯಲ್ಲಿ ಅಲ್ಲವೆಂಬುದನ್ನು ಆತನು ಬಲ್ಲವನಾಗಿದ್ದನು.

ಈ ಉದ್ದೇಶದಿಂದಲೇ, ಯೌವನದಲ್ಲಿ ಬರೆದಿಟ್ಟಿದ್ದ ಕ್ರಿಯಾಪದದ ಪ್ರಬಂಧವನ್ನು ತಿದ್ದಿ ೧೮೪೧ರಲ್ಲಿ ವಾಲ್ಪರೈಸೊ ನಗರದಲ್ಲಿ ಅಚ್ಚುಹಾಕಿಸಿದನು. ಅದರಲ್ಲಿ ಆತನು ಕಂಡುದೇನೆಂಬುದನ್ನು ಸ್ವಲ್ಪದರಲ್ಲಿ ತಿಳಿಸುವೆವು.

ಸ್ಪ್ಯಾನಿಷ್ ಭಾಷೆಯಲ್ಲಿ ಹಾಡುವುದೆಂಬ ಅರ್ಥಕ್ಕೆ ‘ಕಂತಾರ್’ ಎಂಬ ಪದವುಂಟು. ಇದು ನಿಯಮ ತಪ್ಪದೆ ನಡೆಯುವ ಕ್ರಿಯಾಪದಗಳಲ್ಲಿ ಒಂದು. ‘ಕಂತ್’ ಎಂಬ ಧಾತುವಿಗೆ ಪ್ರತ್ಯಯಗಳು ಸೇರಿ, ‘ಕಂತೊ’ ಎಂದರೆ ನಾನು ಹಾಡುತ್ತೇನೆ, ‘ಕಂತಸ್’ ಎಂದರೆ ನೀನು ಹಾಡುತ್ತೀಯೆ, ‘ಕಂತಾಮೊಸ್’ ಎಂದರೆ ನಾವು ಹಾಡುತ್ತೇವೆ ಎಂದಾಗುವುದು. ನಮ್ಮ ಕನ್ನಡದಲ್ಲಿ ಹೇಗೋ ಹಾಗೆಯೇ, ಪ್ರತ್ಯಯದಿಂದಲೇ ಪುರುಷವು ತಿಳಿಯುವುದರಿಂದ, ನಾನು ನೀನು ಎಂಬ ಸರ್ವನಾಮಗಳನ್ನು ಬಿಟ್ಟರೂ ಅರ್ಥವು ಕೆಡದು. ಆದರೆ ಕನ್ನಡದಲ್ಲಿ ಹಾಡಿದನು, ಹಾಡಿದಳು ಎಂದು ತೋರುವ ಲಿಂಗಭೇದವು ಅಲ್ಲಿಯ ಕ್ರಿಯಾಪದದಲ್ಲಿಲ್ಲ. ‘ಕಂತೋ’ ಎಂಬ ಒಂದೇ ರೂಪವು ಇಬ್ಬರಿಗೂ ಸಲ್ಲುವುದು. ಉಚ್ಚಾರದ ಒತ್ತು ಮೊದಲ ಅಕ್ಷರದ ಮೇಲೆ ಬಿದ್ದರೆ ನಾನು ಹಾಡುತ್ತೇನೆ, ಕಡೆಯ ಅಕ್ಷರದ ಮೇಲೆ ಬಿದ್ದರೆ ಅವನು ಅಥವಾ ಅವಳು ಹಾಡಿದುದು, ಅಷ್ಟು ಸೂಕ್ಷ್ಮ.

ಹಳೆಯ ವ್ಯಾಕರಣಗಳು ಈ ರೂಪಗಳನ್ನು ಲ್ಯಾಟಿನ್ ಭಾಷೆಯ ಚೌಕಟ್ಟಿನಲ್ಲಿ ತುರುಕಿ, ಪೂರ್ಣ, ಅಪೂರ್ಣ ಮುಂತಾದ ಹೆಸರುಗಳನ್ನು ಕೊಟ್ಟಿದ್ದುವು. ಬೆಯ್ಯೊವಾದರೋ, ಮಾತನಾಡುವ ಕ್ಷಣವನ್ನೇ ಮಧ್ಯಬಿಂದುವಾಗಿಟ್ಟುಕೊಂಡನು. ಆ ಕ್ಷಣದೊಡನೆ ಇರುವುದು ವರ್ತಮಾನ, ‘ಕಂತೊ’. ಅದಕ್ಕೆ ಹಿಂದಿನದು ಭೂತ, ‘ಕಂತೇ’. ಅದಕ್ಕೆ ಮುಂದಿನದು ಭವಿಷ್ಯತ್, ‘ಕಂತರೇ’. ಇವು ಮೂರೇ ಮೂಲ. ಇವುಗಳಿಗೆ ಜೊತೆ, ಅನಂತರ, ಮುಂಚೆ ಎಂಬ ಮೂರು ಸಂಬಂಧಗಳನ್ನು ಕೂಡಿಸಿದರೆ ಉಳಿದ ಕಾಲಗಳೆಲ್ಲವೂ ತಾವಾಗಿಯೇ ಹೊರಡುವುವು. ಗಂಟೆ ಬಾರಿಸಿದಾಗ ಬಾಲಕಿಯರು ಹಾಡುತ್ತಿದ್ದರು ಎಂಬಲ್ಲಿ, ಹಾಡುವಿಕೆಯು ಹಿಂದೆ ನಡೆದ ಮತ್ತೊಂದು ಸಂಗತಿಯ ಜೊತೆಯಲ್ಲಿದ್ದಿತು. ಆದುದರಿಂದ ‘ಕಂತಾಬ’ ಎಂಬ ಜಾತಿಯ ರೂಪಗಳು ಸಹಭೂತ. ನಾಳೆ ಹಾಡುವೆನೆಂದು ಆಕೆಯು ನಿನ್ನೆ ಹೇಳಿದಳು ಎಂಬಲ್ಲಿ, ಹಾಡುವಿಕೆಯು ಕಳೆದುಹೋದ ಒಂದು ಸಂಗತಿಗೆ ಅನಂತರದ್ದು. ಆದುದರಿಂದ ‘ಕಂತರೀಯ’ ಎಂಬುದು ಭೂತೋತ್ತರ. ‘ಏ ಕಂತಾದೊ’, ಅಂದರೆ ಹಾಡಿದ್ದೇನೆ, ಎಂಬುದು ಪೂರ್ವವರ್ತಮಾನ. ‘ಅಬ್ರೇ ಕಂತಾದೊ’, ಅಂದರೆ ಅಷ್ಟು ಹೊತ್ತಿಗೆ ಹಾಡಿ ಮುಗಿಸಿರುವೆನು, ಎಂಬುದು ಪೂರ್ವಭವಿಷ್ಯತ್. ಹೀಗೆ ಹೆಸರನ್ನು ಕೇಳಿದೊಡನೆಯೇ ಅರ್ಥವು ಹೊಳೆಯುವಂತಾಯಿತು. ಕಂಠಪಾಠಕ್ಕೆ ಬದಲಾಗಿ ತಿಳುವಳಿಕೆಯು ಬಂದಿತು.

ಅರ್ಥಗಳ ವಿಷಯದಲ್ಲಿಯೂ ಆತನು ಇದೇ ವಿವೇಕವನ್ನು ತೋರಿದನು. ನಡೆದುದನ್ನು ನಿಶ್ಚಯವಾಗಿ ಹೇಳುವ ರೂಪಗಳು ಒಂದು ಬಗೆ. ಆಕೆಯು ಹಾಡಲೆಂದು ನಾನು ಬಯಸುತ್ತೇನೆ ಎನ್ನುವಲ್ಲಿ ಬರುವ ‘ಕಂತೆ’ ಮೊದಲಾದ ಆಶಯದ ಮತ್ತು ಸಂಭಾವನೆಯ ರೂಪಗಳು ಇನ್ನೊಂದು ಬಗೆ. ಹಾಡು ಎಂದು ಆಜ್ಞಾಪಿಸುವ ವಿಧ್ಯರ್ಥವು ಮತ್ತೊಂದು. ‘ಕಂತರೀಯ’ ಎಂಬುದನ್ನು ಹಿಂದಿನವರು ಸಂಭಾವನೆಯ ಗುಂಪಿನಲ್ಲಿ ಇಟ್ಟಿದ್ದರು. ಬೆಯ್ಯೊವು ಅದನ್ನು ನಿಶ್ಚಯಾರ್ಥದ ಗುಂಪಿಗೆ ತಂದು ಸೇರಿಸಿದನು.

೧೮೪೭ರಲ್ಲಿ ಅಮೇರಿಕಾದವರ ಉಪಯೋಗಕ್ಕಾಗಿ ಆತನು ರಚಿಸಿದ ಸ್ಪ್ಯಾನಿಷ್ ಭಾಷೆಯ ಮಹಾವ್ಯಾಕರಣವು ಪ್ರಕಟವಾಯಿತು. ಒಂದು ಭಾಷೆಯ ನಿಯಮಗಳನ್ನು ಆ ಭಾಷೆಯೊಳಗಿಂದಲೇ ಹುಡುಕಬೇಕೆಂಬುದು ಆ ಗ್ರಂಥದ ಬುನಾದಿ. ಅಮೇರಿಕಾದ ಜನರ ಒಳ್ಳೆಯ ಬಳಕೆಗೂ ಸ್ಪೇನಿನವರ ಬಳಕೆಯಂತೆಯೇ ಮಾನವುಂಟೆಂದು ಆತನು ಸಾಧಿಸಿದನು. ಆತನಿಗೆ ವಿರೋಧಿಗಳು ಇಲ್ಲದೆ ಇರಲಿಲ್ಲ. ಮುಂದೆ ಅರ್ಜೆಂಟೀನಾದ ಅಧ್ಯಕ್ಷನಾದ ಸಾರ್ಮಿಯೆಂತೊ ಎಂಬವನು ೧೮೪೨ರಲ್ಲಿ ಚಿಲಿಯಲ್ಲಿದ್ದಾಗ, ಭಾಷೆಯನ್ನು ಮಾಡುವವರು ಜನರೇ ಹೊರತು ವ್ಯಾಕರಣಕಾರರಲ್ಲವೆಂದು ಪತ್ರಿಕೆಗಳಲ್ಲಿ ವಾದಿಸಿದನು. ಬೆಯ್ಯೊವು ಜನರ ಹಕ್ಕನ್ನು ಅಲ್ಲಗಳೆಯಲಿಲ್ಲ. ಆದರೆ ಜನರು ಒಬ್ಬರನ್ನೊಬ್ಬರು ತಿಳಿದುಕೊಳ್ಳಬೇಕಾದರೆ ಕ್ರಮವು ಬೇಕೆಂಬ ತನ್ನ ಪಟ್ಟನ್ನೂ ಬಿಡಲಿಲ್ಲ.

ಈ ನಡುವೆ ೧೮೪೩ರ ಸೆಪ್ಟೆಂಬರ್ ೧೭ರಂದು ಚಿಲಿ ವಿಶ್ವವಿದ್ಯಾನಿಲಯದ ಪ್ರಾರಂಭೋತ್ಸವವು ಜರುಗಿತು. ಬೆಯ್ಯೊವು ಅದರ ಪ್ರಥಮಾಧ್ಯಕ್ಷನಾಗಿ ಸಾಯುವವರೆಗೂ ಆ ಪದವಿಯಲ್ಲಿದ್ದನು. ಆತನು ಅನೇಕ ವರ್ಷ ಶ್ರಮಪಟ್ಟು ಬರೆದ ಸಿವಿಲ್ ಕಾನೂನು ಸಂಹಿತೆಯು ೧೮೫೫ರಲ್ಲಿ ಅಂಗೀಕೃತವಾಗಿ ೧೮೫೭ರ ಜನವರಿ ೧ರಿಂದ ಜಾರಿಗೆ ಬಂದಿತು. ಅದರ ಭಾಷೆಯು ಸ್ಪಷ್ಟತೆಗೆ ಹೆಸರಾಯಿತು. ನೆರೆಯ ಕೆಲವು ರಾಷ್ಟ್ರಗಳೂ ಅದನ್ನು ಅನುಸರಿಸಿದುವು. ಕ್ರಿಯಾಪದವನ್ನು ತೂಗಿ ಬಳಸಲು ಕಲಿತವನ ಕೈಯಲ್ಲಿ ಕಾನೂನು ಸಹ ತಿಳಿಯಾಗುವುದೆಂಬುದಕ್ಕೆ ಇದೇ ಸಾಕ್ಷಿ.

ಹೊರಗೆ ಗೌರವವು ಹೆಚ್ಚುತ್ತಿದ್ದಂತೆ ಮನೆಯಲ್ಲಿ ದುಃಖವೂ ಹೆಚ್ಚಿತು. ಆತನ ಮಕ್ಕಳಲ್ಲಿ ಹಲವರು ತಂದೆಯ ಕಣ್ಣಮುಂದೆಯೇ ಮೃತಿಹೊಂದಿದರು. ಕಡೆಯ ವರ್ಷಗಳಲ್ಲಿ ಕಾಲುಗಳ ಬಲವು ಕುಂದಿತು. ಆದರೂ ಮೇಜಿನ ಮುಂದೆ ಕುಳಿತು ಬರೆಯುತ್ತಲೇ ಇದ್ದನು. ೧೮೬೫ನೆಯ ಇಸವಿ ಅಕ್ಟೋಬರ್ ೧೫ರಂದು, ಎಂಭತ್ತನಾಲ್ಕನೆಯ ವಯಸ್ಸಿನಲ್ಲಿ, ಸಾಂತಿಯಾಗೊ ನಗರದಲ್ಲಿ ದೇಹವನ್ನು ಬಿಟ್ಟನು.

ಸ್ಪೇನಿನ ರಾಜಾಶ್ರಯದ ಭಾಷಾಪರಿಷತ್ತು ಆತನ ಜೀವಿತಕಾಲದಲ್ಲಿಯೇ ಆತನನ್ನು ತನ್ನ ಗೌರವ ಸದಸ್ಯನನ್ನಾಗಿ ಆರಿಸಿತ್ತು. ಆತನು ಕಾಲಗಳಿಗೆ ಇಟ್ಟ ಹೆಸರುಗಳು ಮೆಕ್ಸಿಕೋ ದೇಶದ ಶಾಲಾಪುಸ್ತಕಗಳಲ್ಲಿ ನೆಲೆಗೊಂಡುವು. ಆತನ ಕಾಲದಲ್ಲಿ ಆ ವಿಶ್ವವಿದ್ಯಾನಿಲಯಕ್ಕೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲವೆಂಬುದನ್ನು ಮರೆಮಾಡಲಾಗದು. ಆದರೆ ಆತನ ಶಿಷ್ಯನೂ ಚರಿತ್ರಕಾರನೂ ಆದ ಮಿಗೆಲ್ ಲೂಯಿಸ್ ಅಮುನಾತೆಗಿಯು ೧೮೭೭ರಲ್ಲಿ ವಿದ್ಯಾಮಂತ್ರಿಯಾಗಿದ್ದಾಗ, ಆ ಬಾಗಿಲನ್ನು ಹೆಣ್ಣುಮಕ್ಕಳಿಗೆ ತೆರೆಯುವ ಆಜ್ಞೆಗೆ ಸಹಿಹಾಕಿದನು. ಹತ್ತು ವರ್ಷಗಳಲ್ಲಿ ಎಲೊಯೀಸಾ ದೀಯಾಸ್ ಎಂಬ ಯುವತಿಯು ಅಲ್ಲಿಂದಲೇ ವೈದ್ಯಪದವಿಯನ್ನು ಪಡೆದು ಹೊರಬಂದಳು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿಯೂ ಉಪಾಧ್ಯಾಯಿನಿಯರಾಗಿಯೂ ಇದ್ದೀರಿ. ನಿಮ್ಮ ಮಗಳು ಕ್ರಿಯಾಪದದ ರೂಪಗಳನ್ನು ಬರೆದ ಹಾಳೆಯನ್ನು ಹಿಡಿದು ಬೇಸರದಿಂದ ಬಳಿಗೆ ಬಂದಾಗ, ಅದನ್ನು ಕೇವಲ ಒಪ್ಪಿಸುವ ಪಾಠವೆಂದು ಹೇಳಿ ಕಳುಹಿಸಬೇಡಿರಿ. ಯಾವ ರೂಪವು ಯಾವ ಕಾಲಕ್ಕೆ ಏಕೆ ಸಲ್ಲುವುದೆಂದು ಜೊತೆಯಲ್ಲಿ ಕುಳಿತು ವಿಚಾರಿಸಿರಿ. ಊರನ್ನೂ ತಾಯಿಯನ್ನೂ ಅಗಲಿ ಬಾಳಿದ ಒಬ್ಬ ಮನುಷ್ಯನು ಅಂತಹ ಚಿಕ್ಕ ವಿಚಾರವನ್ನೇ ಮೂವತ್ತು ವರ್ಷ ಕಾಪಾಡಿಕೊಂಡು ಬಂದು, ಅನೇಕ ರಾಷ್ಟ್ರಗಳ ಜನರು ಒಂದೇ ಮಾತಿನಲ್ಲಿ ಮಾತನಾಡುವುದಕ್ಕೆ ನೆರವಾದನು.