ರಾಜಿಯರಿಯದ ವರ್ಣಶಿಲ್ಪಿ ಕೆ. ವೆಂಕಟಪ್ಪ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಯ ಮೂಲಕ ಕೆ. ವೆಂಕಟಪ್ಪನವರ ಹೆಸರು ನಾಡಿಗೆ ಚಿರಪರಿಚಿತ. ಆ ಮಹನೀಯರು ತಮ್ಮ ಕುಂಚದಿಂದ ಎಷ್ಟನ್ನು ನಿರೀಕ್ಷಿಸುತ್ತಿದ್ದರು, ಅದಕ್ಕಾಗಿ ಏನೆಲ್ಲವನ್ನು ತೊರೆದರು ಎಂಬುದನ್ನು ಬಲ್ಲವರು ಮಾತ್ರ ವಿರಳ.

1886ರಲ್ಲಿ ಜನಿಸಿದ ವೆಂಕಟಪ್ಪನವರು ಮೈಸೂರು ಅರಮನೆಯ ಚಿತ್ರಗಾರರ ಮನೆತನಕ್ಕೆ ಸೇರಿದವರು. ಮಕ್ಕಿಸಫೇದದ ಲೇಪದ ಮೇಲೆ ಚಿನ್ನದ ರೇಕು ಕೂರಿಸಿ ದೇವದೇವತೆಯರನ್ನು ಚಿತ್ರಿಸುವ ವಿದ್ಯೆ ಅವರಿಗೆ ಮನೆಯಲ್ಲಿಯೇ ಲಭ್ಯವಿತ್ತು. ಅದನ್ನೇ ಮುಂದುವರಿಸಿದ್ದರೆ ರಾಜಾಶ್ರಯದ ನೆರಳಿನಲ್ಲಿ ಬದುಕು ನಿರಾತಂಕವಾಗಿ ಸಾಗುತ್ತಿತ್ತು. ಆದರೆ ಅವರ ಪ್ರತಿಭೆಯನ್ನು ಗುರುತಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಕಲ್ಕತ್ತಾದ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು.

ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳಾಗಿ ದೊರೆತರು. ನಂದಲಾಲ್ ಬೋಸ್ ಸಹಪಾಠಿಯಾದರು. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ತೋಯಿಸಿ, ಒಣಗಿಸಿ, ಮತ್ತೆ ಹಚ್ಚುತ್ತ ಪದರ ಪದರವಾಗಿ ವರ್ಣವನ್ನು ಮೂಡಿಸುವ ಬಂಗಾಳದ ವಿಧಾನವು ತಾಳ್ಮೆಯನ್ನು ಬೇಡುವಂಥದು. ವೆಂಕಟಪ್ಪನವರ ಸ್ವಭಾವಕ್ಕೆ ಅದು ಒಪ್ಪುವಂತಿತ್ತು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳನ್ನು ನಿರೂಪಿಸಿದ ಗ್ರಂಥವು 1913ರಲ್ಲಿ ಪ್ರಕಟವಾದಾಗ, ಅದರ ರಾಮಾಯಣ ಭಾಗದಲ್ಲಿ ಈ ಕನ್ನಡಿಗ ಯುವಕನ ಚಿತ್ರಗಳಿದ್ದವು. ಮೂವತ್ತು ತುಂಬುವ ಮೊದಲೇ ಬಂದ ಕೀರ್ತಿ ಅದು. ಬಂಗಾಳದ ಶೈಲಿಗೆ ಆಗ ದೇಶದಾದ್ಯಂತ ಮನ್ನಣೆಯಿತ್ತು. ಅದನ್ನೇ ಜೀವನಪರ್ಯಂತ ಪುನರಾವರ್ತಿಸಿದವರಿಗೂ ಕೊರತೆಯಿರಲಿಲ್ಲ.

ವೆಂಕಟಪ್ಪನವರು ಹಾಗೆ ಮಾಡಲಿಲ್ಲ. ಮೈಸೂರಿಗೆ ಮರಳಿ ಅರಮನೆಯ ಕಲಾವಿದರಾದ ಅವರು ದಂತದ ಮೇಲೆ ಸೂಕ್ಷ್ಮ ಭಾವಚಿತ್ರಗಳನ್ನು ರಚಿಸಿದರು. ಅದೇ ಕಾಲದಲ್ಲಿ ವೀಣೆಯ ಮೋಹಕ್ಕೆ ಒಳಗಾದರು. ಗುರುಗಳೆಂದರೆ ಸಾಮಾನ್ಯರಲ್ಲ, ವೀಣೆ ಶೇಷಣ್ಣನವರು. ಬಿಡುವಿನ ವೇಳೆಯಲ್ಲಿ ನುಡಿಸಿ ತೃಪ್ತರಾಗುವ ಜಾಯಮಾನ ವೆಂಕಟಪ್ಪನವರದಲ್ಲ. ಕುಂಚವನ್ನು ಬದಿಗಿಟ್ಟು ವರ್ಷಗಟ್ಟಲೆ ಸಾಧನೆ ನಡೆಸಿದರು. ಚಿತ್ರಕಲೆಗೆ ಇದರಿಂದ ನಷ್ಟವಾಯಿತೆಂದು ಮರುಗಿದವರುಂಟು. ತಮ್ಮ ಈ ವೀಣೆಯ ಹುಚ್ಚನ್ನೇ ವಸ್ತುವಾಗಿಸಿಕೊಂಡು ಅವರು ಕೃತಿಯೊಂದನ್ನು ರಚಿಸಿದ್ದಾರೆ.

ಅವರ ಪ್ರತಿಭೆಯ ಶಿಖರವನ್ನು ಕಾಣಬೇಕಾದರೆ ಉದಕಮಂಡಲ ಮತ್ತು ಕೊಡೈಕೆನಾಲ್‌ಗಳ ನಿಸರ್ಗಚಿತ್ರಗಳತ್ತ ಹೊರಳಬೇಕು. ಗುರುಮನೆಯಲ್ಲಿ ಕಲಿತ ಪುರಾಣಪುರುಷರು ಇಲ್ಲಿಲ್ಲ. ಕಣಿವೆಯಿಂದ ಮೇಲೇಳುವ ಮಂಜು, ಮಳೆಮೋಡ ಚದುರುವ ಗಳಿಗೆ, ಬೆಳದಿಂಗಳು ಹರಡಿದ ಬೆಟ್ಟ, ನಸುಕಿನ ಬೆಳಕು: ಇವೇ ವಸ್ತುಗಳು. ಇವೆಲ್ಲ ನಿಮಿಷಾರ್ಧದಲ್ಲಿ ಬದಲಾಗುವಂಥವು. ಜಲವರ್ಣದಲ್ಲಿ ತಪ್ಪಿದ್ದನ್ನು ತಿದ್ದುವುದು ಕಷ್ಟ. ಒಂದು ಪದರ ಹೆಚ್ಚಾದರೂ ಕಾಗದದ ಬೆಳಕು ಸತ್ತುಹೋಗುತ್ತದೆ. ಆದ್ದರಿಂದ ಹಚ್ಚುವುದಕ್ಕಿಂತ ನೋಡುವುದಕ್ಕೇ ಹೆಚ್ಚು ಸಮಯ ಬೇಕು. ಅಷ್ಟು ನೋಡಿದ ಕಣ್ಣಿನ ಗುರುತು ಈ ಚಿತ್ರಗಳಲ್ಲಿದೆ. ಕೀರ್ತಿ ತಂದ ಶೈಲಿಯನ್ನು ನಡುವಯಸ್ಸಿನಲ್ಲಿ ಬಿಟ್ಟುಕೊಟ್ಟು ಬೆಟ್ಟದ ಮುಂದೆ ಹೊಸ ವಿದ್ಯಾರ್ಥಿಯಂತೆ ನಿಂತದ್ದು ಅವರ ಬಾಳಿನ ಅತ್ಯಂತ ದಿಟ್ಟ ಹೆಜ್ಜೆ ಎನ್ನಬೇಕು.

ಅವಿವಾಹಿತರಾಗಿಯೇ ಉಳಿದ ಅವರ ದಿನಚರಿ ಕಟ್ಟುನಿಟ್ಟಿನದಾಗಿತ್ತು. ತಮ್ಮ ಚಿತ್ರಗಳನ್ನು ಮಾರಲು ಅವರು ಸುಲಭವಾಗಿ ಮನಸ್ಸು ಮಾಡುತ್ತಿರಲಿಲ್ಲ. ಅರಮನೆಗಾಗಿ ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ರಚಿಸಿದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಬಳಿಕ ಅವರ ಕಲೆಗೆ ಬೆಲೆ ಕಟ್ಟಬಲ್ಲ ಆಶ್ರಯದಾತರು ಇಲ್ಲವಾದರು. ಅರಮನೆಯೊಂದಿಗೆ ವ್ಯಾಜ್ಯ ಹುಟ್ಟಿ ನ್ಯಾಯಾಲಯದವರೆಗೂ ಹೋಯಿತು. ಎರಡು ಮಾತು ಸಡಿಲಿಸಿದ್ದರೆ ಬಗೆಹರಿಯುತ್ತಿತ್ತೇನೋ. ಸಡಿಲಿಸುವುದು ಅವರಿಗೆ ತಿಳಿಯದು. ಮೈಸೂರನ್ನು ತೊರೆದು ಬೆಂಗಳೂರಿನಲ್ಲಿ ನೆಲೆಸಿದರು.

ಈ ಬಿಗಿ ನಿಲುವಿಗೆ ಅವರು ತೆತ್ತ ಬೆಲೆ ಕಡಿಮೆಯದಲ್ಲ. ಉಳಿದಿರುವ ಕೃತಿಗಳ ಸಂಖ್ಯೆ ಅಷ್ಟು ದೀರ್ಘ ಆಯುಸ್ಸಿಗೆ ಹೋಲಿಸಿದರೆ ಅಲ್ಪವೇ. ಸಹಪಾಠಿ ನಂದಲಾಲರ ಸುತ್ತ ಶಾಂತಿನಿಕೇತನದಲ್ಲಿ ಶಿಷ್ಯವೃಂದವೇ ಬೆಳೆಯಿತು. ವೆಂಕಟಪ್ಪನವರು ಬಹುಮಟ್ಟಿಗೆ ಒಂಟಿಯಾಗಿಯೇ ಉಳಿದರು. ತನ್ನ ಮೇಲೆ ವಿಧಿಸಿಕೊಂಡ ಅಳತೆಗೋಲನ್ನು ಲೋಕವ್ಯವಹಾರಕ್ಕೂ ಹಿಡಿದದ್ದು ಅತಿಯಾಯಿತು ಎಂಬ ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು.

ಬಾಳಿನ ಸಂಜೆಯಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿಯ ಫೆಲೋಶಿಪ್ ಅವರನ್ನು ಅರಸಿ ಬಂದಿತು. 1965ರಲ್ಲಿ ಅವರು ನಿಧನರಾದರು. ಮಾರದೆ ತಮ್ಮಲ್ಲೇ ಇರಿಸಿಕೊಂಡಿದ್ದ ಚಿತ್ರಗಳು ಒಂದೆಡೆ ಉಳಿದುಬಂದದ್ದರಿಂದಲೇ ಮುಂದೆ ಅವರ ಹೆಸರಿನಲ್ಲಿ ಚಿತ್ರಶಾಲೆ ನಿರ್ಮಾಣವಾದಾಗ ಅಲ್ಲಿಡಲು ಊಟಿಯ ಆ ಮಂಜು, ಆ ಬೆಳದಿಂಗಳು ಸರ್ಕಾರಕ್ಕೆ ದೊರಕಿದವು.